ಹೇಳಿಕೊಡದ ಮಾತು

ಅಡುಗೆಮನೆಯ ಮೇಜಿನ ಮೇಲೆ ಹಳೆಯ ಪತ್ರಿಕೆ ಹಾಸಿಕೊಂಡು, ತಾಯಿ ಒಂದು ಕಡೆ, ಮಗಳು ಒಂದು ಕಡೆ ಕುಳಿತು ಹಸಿ ಬಟಾಣಿ ಸುಲಿಯುತ್ತಿದ್ದರು. ಸಿಪ್ಪೆ ಬಿರಿಯುವ ಸದ್ದು, ಕಾಳು ಪಾತ್ರೆಗೆ ಉದುರುವ ಸದ್ದು, ಅಷ್ಟೇ. ಮಗಳು ಹೆಬ್ಬೆರಳಿನಿಂದ ಒಂದೇ ಎಳೆತಕ್ಕೆ ಸೀಳಿ ಕಾಳನ್ನೆಲ್ಲ ಸುರಿದುಬಿಡುತ್ತಿದ್ದಳು. ತಾಯಿ ಹಾಗಲ್ಲ. ಒಂದೊಂದು ಕಾಯನ್ನೂ ಬೆಳಕಿಗೆ ಹಿಡಿದು, ಈ ಮಗ್ಗುಲು ಆ ಮಗ್ಗುಲು ತಿರುಗಿಸಿ ನೋಡಿ, ಆಮೇಲೆ ಬಿಡಿಸುತ್ತಿದ್ದಳು. ಮಗಳ ಪಾತ್ರೆ ಅರ್ಧ ತುಂಬಿತ್ತು. ತಾಯಿಯದು ಇನ್ನೂ ತಳ ಮುಚ್ಚಿರಲಿಲ್ಲ.

ತಾಯಿಯ ಕಸುಬೇ ಅಂಥದ್ದು. ಆಕೆ ಆ ಊರಿನ ಕೋರ್ಟಿನ ನ್ಯಾಯಾಧೀಶೆ. ದೊಡ್ಡ ಕೋರ್ಟೇನಲ್ಲ, ಜಗಳ ಮೊದಲು ಹತ್ತುವ ಮೆಟ್ಟಿಲು. ಮೇಲಿನ ಕೋರ್ಟುಗಳಿಗೆ ಹೋಗುವುದು ಬರೀ ಕಾಗದ. ಇಲ್ಲಿಗೆ ಬರುವವರು ಮನುಷ್ಯರು, ಬೆವರು ಕಣ್ಣೀರಿನ ಸಮೇತ. ಗೋಡೆ ಒತ್ತಿ ಕಟ್ಟಿದವನು, ಪಕ್ಕದ ಮನೆಯವನ ಹಲ್ಲು ಉದುರಿಸಿದವನು, ಗಂಡ ಬೇಡವೆಂದವಳು, ಹೆಂಡತಿ ಬೇಕೇ ಬೇಕೆಂದವನು. ಇವರೆಲ್ಲರ ಮಾತನ್ನೂ ಮುಖದ ಒಂದು ಗೆರೆಯೂ ಕದಲದಂತೆ ಕೊನೆತನಕ ಕೇಳುತ್ತಿದ್ದ ಆಕೆಗೆ ವಕೀಲರು ‘ತಕ್ಕಡಿಯಮ್ಮ’ ಎಂದು ಹೆಸರಿಟ್ಟಿದ್ದರು. ಆ ಹೆಸರು ಆಕೆಯ ಕಿವಿಗೂ ಬಿದ್ದಿತ್ತು. ಅದಕ್ಕೂ ಆಕೆ ಏನೂ ಅಂದಿರಲಿಲ್ಲ.

“ಅಮ್ಮಾ, ಆ ಕಾಯಿ ಏನು ತಪ್ಪು ಮಾಡಿದೆ? ಅಷ್ಟೊಂದು ವಿಚಾರಣೆ ಮಾಡ್ತಾ ಇದ್ದೀಯಲ್ಲ,” ಅಂದಳು ಮಗಳು.

“ಒಳಗೆ ಹುಳ ಇದ್ರೆ?”

“ಇದ್ರೆ ಅದೂ ಬೇಯುತ್ತೆ ಬಿಡು. ಅದಕ್ಕೊಬ್ಬ ವಕೀಲರನ್ನ ಇಟ್ಟುಕೊಡೋಕೆ ಆಗುತ್ತಾ?”

ತಾಯಿಗೆ ನಗು ಬಂತು. ನಗುವಿನ ಹಿಂದೆಯೇ ಇನ್ನೊಂದು ಮಾತು ನಾಲಗೆಯ ತುದಿಯವರೆಗೆ ಬಂತು. ಆದರೆ ಬಾಯಿಂದ ಹೊರಬಿದ್ದದ್ದು ಬೇರೆ.

“ನಾಳೆ ಬಸ್ಸಲ್ಲಿ ಕಿಟಕಿ ಪಕ್ಕ ಸಿಕ್ಕಿದೆಯಾ?”

“ಸಿಕ್ಕಿದೆ.”

ಮಗಳು ಬಂದದ್ದು ನಿನ್ನೆ, ಶುಕ್ರವಾರ ಸಂಜೆ. ನಾಳೆ ಹೊರಡುವವಳು. ಹೊರಡುವುದು ಎಂದರೆ ಮತ್ತೆ ಬರುತ್ತೇನೆಂದು ಹೊರಡುವುದಲ್ಲ. ಅವಳಪ್ಪ ತೀರಿಕೊಂಡು ಕೆಲವು ತಿಂಗಳಾಗಿತ್ತು. ಅಪ್ಪ, ಮಗಳು ಸೇರಿ ನಡೆಸುತ್ತಿದ್ದ ಕನ್ನಡಕದ ಅಂಗಡಿಯ ಕಟ್ಟಡವನ್ನು ಕೆಡವಿ ಬೇರೆ ಏನೋ ಕಟ್ಟುತ್ತಿದ್ದರು. ಅಪ್ಪನ ತಂಗಿ, ಅವಳ ಸೋದರತ್ತೆ, ತನ್ನ ಮನೆಯ ಕೆಳಗಿನ ಕೋಣೆಯನ್ನೇ ಖಾಲಿ ಮಾಡಿಸಿ ‘ಇಲ್ಲೇ ಬಂದು ಅಂಗಡಿ ಇಡು’ ಎಂದು ಕರೆದಿದ್ದಳು. ಆ ಊರು ಎಷ್ಟು ದೂರವೆಂದರೆ, ಹೋಗಿ ಬರುವುದಕ್ಕೇ ತಾಯಿಯ ವರ್ಷದ ರಜೆಯಲ್ಲಿ ಅರ್ಧ ಮುಗಿಯುತ್ತದೆ. ಅಲ್ಲಿ ಬೇರು ಬಿಟ್ಟ ಗಿಡ ಮತ್ತೆ ಇತ್ತ ಬರುವುದಿಲ್ಲ. ತಾಯಿಗೆ ಬೇಕಾಗಿದ್ದದ್ದು ಒಂದೇ. ಮಗಳು ಹೋಗಬಾರದು, ಇಲ್ಲಿ, ತನ್ನ ಬಳಿ ಉಳಿಯಬೇಕು. ಅದನ್ನು ಹೇಳುವುದಕ್ಕೆ ಒಂದು ಶನಿವಾರ ಮತ್ತು ಅರ್ಧ ಭಾನುವಾರ ಕೈಯಲ್ಲಿತ್ತು.

ಬೇರೆ ಯಾವ ತಾಯಿಯಾಗಿದ್ದರೂ ಬಟಾಣಿ ಸುಲಿಯುತ್ತಲೇ ಹೇಳಿಬಿಡುತ್ತಿದ್ದಳು. ಈಕೆಗೆ ಬಾಯಿ ಬರಲಿಲ್ಲ. ಬರದೇ ಇದ್ದದ್ದು ಇವತ್ತಿನ ಕಥೆಯಲ್ಲ.

ಮೂರು ವರ್ಷಕ್ಕೊಂದು ಊರು ಎನ್ನುವುದು ಆಕೆಯ ನೌಕರಿಯ ಪದ್ಧತಿ. ಊರು ಬದಲಾಗುತ್ತಿತ್ತು, ಮನೆ ಬದಲಾಗುತ್ತಿತ್ತು. ಎತ್ತರದ ಕುರ್ಚಿ, ಕಪ್ಪು ಗೌನು, ಕೆಳಗೆ ನಿಂತು ಕೈ ಹಿಸುಕಿಕೊಳ್ಳುವ ಜನ ಮಾತ್ರ ಬದಲಾಗುತ್ತಿರಲಿಲ್ಲ. ಯಾರೊಂದಿಗೂ ಸಲಿಗೆ ಕೂಡದು. ಮೊದಲನೆಯ ಊರಲ್ಲಿ ಪಕ್ಕದ ಮನೆಯ ಟೀಚರು ದಿನಾ ಬೆಳಿಗ್ಗೆ ಬೇಲಿಯ ಮೇಲಿಂದ ಹೂ ಕೊಡುತ್ತಿದ್ದಳು. ಒಂದು ಸೋಮವಾರ ಅವಳ ತಮ್ಮನೇ ಕಟಕಟೆಯಲ್ಲಿ ನಿಂತಿದ್ದ. ಅವತ್ತಿನಿಂದ ಬೇಲಿಯ ಆಚೆ ಟೀಚರ ಬೆನ್ನು ಮಾತ್ರ ಕಾಣುತ್ತಿತ್ತು. ಆಮೇಲಿನ ಊರುಗಳಲ್ಲಿ ಈಕೆ ಹೂವಿನ ತನಕ ಹೋಗಲೇ ಇಲ್ಲ. ಚಪ್ಪಲಿ ಹೊಲಿಸುವುದಕ್ಕೂ ಪಕ್ಕದೂರಿಗೆ ಹೋಗಿ ಬರುತ್ತಿದ್ದಳು.

ಗಂಡನಿಗೆ ಈ ಅಲೆಮಾರಿತನ ಹಿಡಿಸಲಿಲ್ಲ. ಕೆಟ್ಟವನೇನಲ್ಲ, ನೊಣಕ್ಕೂ ನೋವು ಮಾಡದ ಮನುಷ್ಯ. “ಬೀದಿಯಲ್ಲಿ ಹೋಗೋರ ಕಣ್ಣಿನ ನಂಬರೆಲ್ಲ ನನಗೆ ಬಾಯಿಪಾಠ. ಅವರನ್ನ ಬಿಟ್ಟು ನಿನ್ನ ಹಿಂದೆ ಊರೂರು ಹೇಗೆ ಬರ್ಲಿ?” ಎಂದಿದ್ದ. ಅವನು ತಪ್ಪು ಎಂದು ಆಕೆಗೆ ಅನ್ನಿಸಲಿಲ್ಲ. ತಾನು ತಪ್ಪು ಎಂದೂ ಅನ್ನಿಸಲಿಲ್ಲ. ಜಗಳವಿಲ್ಲದೆ ಬಿಡುಗಡೆಯಾಯಿತು. ಉಳಿದದ್ದು ಮಗಳು. ಆಗ ಒಂಬತ್ತು ವರ್ಷದವಳು.

ಮಗಳು ಯಾರ ಬಳಿ ಇರಬೇಕೆಂಬ ವಿಚಾರಣೆ ನಡೆದದ್ದು ಗಂಡನ ಊರಿನ ಕೋರ್ಟಿನಲ್ಲಿ. ಅಲ್ಲಿನ ನ್ಯಾಯಾಧೀಶರು ವಯಸ್ಸಾದವರು. “ಮಗುವನ್ನ ಒಳಕೋಣೆಗೆ ಕಳ್ಸಿ, ಯಾರ ಜೊತೆ ಇರ್ತೀಯ ಅಂತ ನಾನೇ ಕೇಳ್ತೀನಿ,” ಅಂದರು. ಇಂಥ ದಿನ ಕೋರ್ಟಿನ ಮೊಗಸಾಲೆಯಲ್ಲಿ ಏನು ನಡೆಯುತ್ತದೆಂದು ಈಕೆಗಿಂತ ಚೆನ್ನಾಗಿ ಬಲ್ಲವರು ಯಾರು? ಒಂದು ಕಂಬದ ಹಿಂದೆ ಅಜ್ಜಿ, ಇನ್ನೊಂದು ಕಂಬದ ಹಿಂದೆ ಚಿಕ್ಕಮ್ಮ. ‘ಹೀಗೆ ಹೇಳು ಪುಟ್ಟಾ, ಹಾಗೆ ಹೇಳು ಕಂದಾ’ ಎಂದು ಮಗುವಿನ ಕಿವಿ ಕಚ್ಚುವವರೇ ಎಲ್ಲ. ಅಂಥವರನ್ನು ಈಕೆ ತನ್ನ ಪೀಠದ ಮೇಲಿಂದ ಎಷ್ಟು ಸಲ ಗದರಿಸಿದ್ದಳೋ. ‘ಮಗು ಸಾಕಿದ ಗಿಳಿಯಲ್ಲ. ಹೇಳಿಕೊಟ್ಟ ಮಾತು ನನಗೆ ಬೇಡ.’

ಈಕೆಯ ಪರ ನಿಂತಿದ್ದ ವಕೀಲೆ ಹಳೆಯ ಗೆಳತಿ. “ಒಂದೇ ಒಂದು ಮಾತು ಹೇಳಿಡೇ, ಮಹಾತಾಯಿ,” ಎಂದು ಅಂಗಲಾಚಿದ್ದಳು. “‘ಅಮ್ಮ ಬೇಕು’ ಅನ್ನೋಕೆ ನಾಲಗೆ ಏನು ಸವೆಯುತ್ತಾ? ಆ ಕಡೆಯವರು ಸುಮ್ನೆ ಕೂತಿರ್ತಾರಾ?”

“ನಾನೇ ಹೇಳಿಕೊಟ್ರೆ ನಾಳೆ ಪೀಠದ ಮೇಲೆ ಕೂತು ಇನ್ನೊಬ್ಬಳಿಗೆ ಯಾವ ಬಾಯಲ್ಲಿ ಬೈಲಿ?”

“ನಿನ್ನ ಪೀಠಕ್ಕೆ ನಮಸ್ಕಾರ,” ಅಂದಿದ್ದಳು ಗೆಳತಿ.

ಆ ದಿನ ಬೆಳಿಗ್ಗೆ ಈಕೆ ಮಗಳಿಗೆ ಎರಡು ಜಡೆ ಹಾಕಿದಳು. ಕನ್ನಡಿಯಲ್ಲಿ ಮಗಳ ಕಣ್ಣು ಅಮ್ಮನ ಬಾಯಿಯನ್ನೇ ನೋಡುತ್ತಿತ್ತು. ತಾಯಿ ಬಾಯಿಗೆ ಬೀಗ ಹಾಕಿಕೊಂಡಳು. ‘ನೀನು ಬೇಕು’ ಎಂದರೆ ಅದು ಪಾಠ ಹೇಳಿಕೊಟ್ಟಂತೆ. ‘ಬರ್ತೀಯಾ’ ಎಂದು ಕೇಳಿದರೂ ಹೇಳಿಕೊಟ್ಟಂತೆಯೇ. ಹೆಚ್ಚು ಹೊತ್ತು ಅಪ್ಪಿಕೊಂಡರೂ ಒಲಿಸಿಕೊಂಡಂತೆ ಎಂದು ಹೆದರಿ, ಬರೀ ರಿಬ್ಬನ್ನು ಸರಿಮಾಡಿ, “ಅವರು ಕೇಳಿದಾಗ ನಿನಗೆ ಏನು ಅನ್ಸುತ್ತೋ ಅದನ್ನೇ ಹೇಳು,” ಅಂದಳು.

ಮಗಳು ‘ಅಪ್ಪ’ ಅಂದಳು.

ಒಂದು ಲೋಟ ಚಹಾ ಆರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮೇಲಿನ ಕೋರ್ಟಿಗೆ ಹೋಗು ಎಂದು ಗೆಳತಿ ಕುಣಿದಾಡಿದಳು. ಈಕೆ ಹೋಗಲಿಲ್ಲ. ಮಗುವಿನ ಮಾತನ್ನು ಯಾರೂ ಕೆಡಿಸಿರಲಿಲ್ಲ, ಕನಿಷ್ಠ ಈಕೆಯಂತೂ ಕೆಡಿಸಿರಲಿಲ್ಲ. ಅಂಥ ಸಾಕ್ಷ್ಯವನ್ನು ತಾನೇ ಹೇಗೆ ಪ್ರಶ್ನಿಸುವುದು?

ಅಲ್ಲಿಂದ ಮುಂದೆ ಆಕೆ ವೃತ್ತಿಯಲ್ಲಿ ಹೆಸರು ಮಾಡಿದಳು. ತಕ್ಕಡಿಯಮ್ಮನ ತೀರ್ಪನ್ನು ಮೇಲಿನವರು ತಿದ್ದುವುದು ಅಪರೂಪ ಎನ್ನುವ ಮಾತು ಊರಿಂದೂರಿಗೆ ಆಕೆಗಿಂತ ಮೊದಲೇ ತಲುಪುತ್ತಿತ್ತು. ಹೊಸ ಊರಿನ ಹೊಸ ಮನೆಯಲ್ಲಿ ಮೊದಲು ಸಜ್ಜಾಗುತ್ತಿದ್ದದ್ದು ಮಗಳ ಕೋಣೆ. ಹಾಸಿಗೆ, ಓದುವ ಮೇಜು, ಕಿಟಕಿಗೆ ಪರದೆ. ಬೇಸಿಗೆ ರಜೆಯಲ್ಲಿ ಮಗಳು ಬಂದು, ಪ್ರತಿಸಲವೂ ಹೊಸ ಮನೆಯ ಕತ್ತಲಲ್ಲಿ ಗೋಡೆ ತಡಕಾಡುತ್ತಾ ಕೇಳುತ್ತಿದ್ದಳು: “ಅಮ್ಮಾ, ಸ್ವಿಚ್ಚು ಎಲ್ಲಿದೆ?” ಸ್ವಿಚ್ಚು ಗೊತ್ತಾಗುವಷ್ಟರಲ್ಲಿ ರಜೆ ಮುಗಿಯುತ್ತಿತ್ತು. ಅವಳು ಹೋದ ಮೇಲೂ ತಾಯಿ ಸಂಜೆ ಆ ಕೋಣೆಯ ದೀಪ ಹಾಕಿ, ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತು, ಆಮೇಲೆ ಆರಿಸುವಳು. ಮುಂದಿನ ವರ್ಷ ನಿವೃತ್ತಿ. ಆಮೇಲೆ ಯಾವ ಊರು, ಯಾವ ಮನೆ ಎನ್ನುವುದು ಆಕೆಗಿನ್ನೂ ಗೊತ್ತಿರಲಿಲ್ಲ. ಎಲ್ಲ ಊರುಗಳೂ ಗೊತ್ತಿದ್ದವಳಿಗೆ ತನ್ನದು ಎನ್ನುವ ಊರಿರಲಿಲ್ಲ.

ಬಟಾಣಿ ಮುಗಿಯುವ ಹೊತ್ತಿಗೆ ಹೊರಗೆ ಗೇಟಿನ ಸದ್ದಾಯಿತು. ಬಂದವನು ಕೋರ್ಟಿನಲ್ಲಿ ಕಕ್ಷಿದಾರರ ಹೆಸರು ಕೂಗುವ ನೌಕರ. ಅವನ ಕೂಗಿಗೆ ಬೀದಿಯಾಚೆಯ ಮರದ ಹಕ್ಕಿಯೂ ಏಳುತ್ತಿದ್ದರಿಂದ ಎಲ್ಲರಿಗೂ ಅವನು ‘ಗಂಟಲಣ್ಣ’. ಕಂಕುಳಲ್ಲಿ ಸೋಮವಾರದ ಕೇಸಿನ ಕಟ್ಟುಗಳು.

“ಮೇಡಂ ಅವರ ಮಗಳು ಹಾಜರಿದ್ದಾರಾ...!” ಎಂದು ಬಾಗಿಲಲ್ಲೇ ಕೂಗಿದ.

“ಹಾಜರ್!” ಎಂದಳು ಮಗಳು ಒಳಗಿನಿಂದ.

“ಅಬ್ಬ! ಮೊದಲನೇ ಕೂಗಿಗೇ ಹಾಜರಾದವರನ್ನ ನನ್ನ ಸರ್ವೀಸಲ್ಲೇ ನೋಡಿಲ್ಲ ಕಣಮ್ಮಾ. ಎಷ್ಟು ದಿನ ಇರ್ತೀರಾ?”

“ನಾಳೆ ಹೊರಟೆ. ಅತ್ತೆ ಊರಿಗೆ. ಇನ್ನು ಅಲ್ಲೇ.”

ಗಂಟಲಣ್ಣನ ಮುಖ ಇಳಿಯಿತು. ಕಟ್ಟುಗಳನ್ನು ಮೇಜಿನ ಮೇಲಿಟ್ಟು ತಲೆ ಕೆರೆದುಕೊಂಡ. “ಇದೇನು ಮೇಡಂ? ಚೌಕದ ಕನ್ನಡಕದಂಗಡಿಯವನು ಕಣ್ಣು ನೋಡೋರು ಬೇಕು ಅಂತ ಬೋರ್ಡು ಹಾಕಿ ಕೂತಿದ್ದಾನೆ. ಮನೆಯಲ್ಲೇ ಬೆಣ್ಣೆ ಇಟ್ಕೊಂಡು ತುಪ್ಪಕ್ಕೆ ಊರೆಲ್ಲ ಅಲೆದ ಹಾಗಾಯ್ತಲ್ಲ!”

ಆ ಬೋರ್ಡನ್ನು ತಾಯಿ ನೋಡಿದ್ದಳು. ಎರಡು ಸಂಜೆ ಅದರ ಮುಂದೆ ನಡೆದೂ ಹೋಗಿದ್ದಳು. “ಅವನದು ಗೋಡೆ ಕೇಸು ನಮ್ಮಲ್ಲೇ ಇದೆ,” ಅಂದಳು.

“ಹಾಗೆ ನೋಡಿದ್ರೆ ಈ ಊರಲ್ಲಿ ಕೇಸಿಲ್ಲದವರು ಅಂದ್ರೆ ಸ್ಮಶಾನದಲ್ಲಿ ಮಲಗಿರೋರೇ ಮೇಡಂ. ಅವರಲ್ಲೂ ಇಬ್ಬರದು ಬಾಕಿ ಇದೆ.” ಮಗಳು ನಕ್ಕಿದ್ದು ನೋಡಿ ಅವನಿಗೆ ಹುರುಪು ಬಂತು. “ನೀವೇ ಒಂದು ತಡೆಯಾಜ್ಞೆ ಕೊಟ್ಟುಬಿಡಿ. ಮಗಳು ಊರು ಬಿಟ್ಟು ಹೋಗಕೂಡದು ಅಂತ. ನಾನೇ ಬಸ್‌ಸ್ಟ್ಯಾಂಡಲ್ಲಿ ನಿಂತು ಕೂಗ್ತೀನಿ.”

ಮಗಳು ನಗುತ್ತಲೇ ತಾಯಿಯ ಕಡೆ ತಿರುಗಿದಳು. ಆ ನೋಟ ಒಂದು ಕ್ಷಣ ಅಲ್ಲೇ ನಿಂತಿತ್ತು.

“ತಡೆಯಾಜ್ಞೆಗೆ ಯಾರಾದ್ರೂ ಅರ್ಜಿ ಹಾಕ್ಬೇಕಲ್ಲ,” ಅಂದಳು ತಾಯಿ. ತಮಾಷೆಯೆಂದೇ ಹೇಳಿದ್ದಳು. ಗಂಟಲಣ್ಣ ನಕ್ಕ. ಮಗಳು ಸಿಪ್ಪೆಯನ್ನೆಲ್ಲ ಪತ್ರಿಕೆಯಲ್ಲಿ ಸುತ್ತಿಕೊಂಡು ಹಿತ್ತಲಿಗೆ ಹೋದಳು.

ಮಧ್ಯಾಹ್ನ ಊಟವಾದ ಮೇಲೆ ಮಗಳು ತನ್ನ ಪೆಟ್ಟಿಗೆ ತೆಗೆದು, “ಬಾ, ನಿನ್ನ ಕಣ್ಣು ನೋಡ್ತೀನಿ. ಆ ಕನ್ನಡಕ ಹಾಕ್ಕೊಂಡು ಯಾರ‍್ಯಾರನ್ನ ಜೈಲಿಗೆ ಕಳ್ಸಿದ್ದೀಯೋ,” ಎಂದಳು. ಕಿಟಕಿಯ ಬಳಿ ಕುರ್ಚಿ. ಎದುರು ಗೋಡೆಯಲ್ಲಿ ಅಕ್ಷರದ ಹಾಳೆ. ಮೂಗಿನ ಮೇಲೆ ಭಾರದ ಕಬ್ಬಿಣದ ಚೌಕಟ್ಟು. ಅದಕ್ಕೆ ಮಗಳು ಒಂದೊಂದೇ ಗಾಜು ಇಳಿಸುತ್ತಿದ್ದಳು.

“ಇದಾ, ಅದಾ?”

“ಇನ್ನೊಂದ್ಸಲ ತೋರಿಸು.”

“ಇದಾ... ಅದಾ?”

“ಎರಡನೇದು... ಇರು, ಮೊದಲನೇದರಲ್ಲೂ ಕೆಳಗಿನ ಸಾಲು ಸ್ವಲ್ಪ...”

“ನಿನ್ನಂಥ ಗಿರಾಕಿ ದಿನಕ್ಕಿಬ್ಬರು ಬಂದ್ರೆ ನಾನು ಅಂಗಡಿ ಮುಚ್ಚಿ ಮನೆಗೆ ಹೋಗ್ಬೇಕು, ತಾಯಿ!”

ತಾಯಿಗೆ ಅಕ್ಷರಗಳು ಯಾವಾಗಲೋ ಸ್ಪಷ್ಟವಾಗಿದ್ದವು. ಆದರೆ ಮಗಳ ಮುಖ ಗೇಣು ದೂರದಲ್ಲಿತ್ತು. ಹುಬ್ಬಿನ ಬಳಿ ಅಪ್ಪನದೇ ಆದ ಒಂದು ಸುಳಿ, ಕಣ್ಣ ಕೆಳಗೆ ನಿದ್ದೆಗೆಟ್ಟ ಕಪ್ಪು, ಕೂದಲಲ್ಲಿ ತನಗೆ ಗೊತ್ತಿಲ್ಲದ ಯಾವುದೋ ಎಣ್ಣೆಯ ವಾಸನೆ. ಕೆನ್ನೆಗೆ ತಾಗುತ್ತಿದ್ದ ಬೆರಳು ತಣ್ಣಗಿತ್ತು. “ಇನ್ನೊಂದ್ಸಲ,” ಅಂದಳು ತಾಯಿ. “ಸರಿಯಾಗಿ ಗೊತ್ತಾಗ್ತಿಲ್ಲ.”

ಅಷ್ಟರಲ್ಲಿ ಫೋನು ಬಂತು. ಅತ್ತೆ. ಫೋನು ಮಗಳ ಕಿವಿಯಲ್ಲಿದ್ದರೂ ಅತ್ತೆಯ ಮಾತು ಇಡೀ ಕೋಣೆಗೆ ಕೇಳುತ್ತಿತ್ತು. “ಸಾಮಾನು ಕಟ್ಟಿದ್ಯೇನೇ? ನಾಳೆ ಬಸ್ಸು ತಪ್ಪಿಸ್ಕೊಂಡ್ರೆ ನಿನ್ನ ಕಾಲು ಮುರೀತೀನಿ ನೋಡು! ಗೋಡೆಗೆ ಬಣ್ಣ ಹಚ್ಚಿಸ್ತಿದ್ದೀನಿ, ಹಳದಿನಾ ನೀಲಿನಾ? ಬೇಗ ಬಾರೇ, ಕಣ್ಣೆಲ್ಲ ದಾರಿ ಮೇಲೇ ಇದೆ!”

ಫೋನಿಟ್ಟ ಮೇಲೆ ಮಗಳು, “ದಿನಾ ಇದೇ ಗೋಳು. ಬಾ ಬಾ ಅಂತ ತಲೆ ತಿಂತಾರೆ,” ಅಂದಳು. ಅವಳ ಮುಖದಲ್ಲಿ ಗೋಳೇನೂ ಇರಲಿಲ್ಲ. ಬೆಳಕಿತ್ತು.

ತಾಯಿಗೆ ಶುಕ್ರವಾರ ಕೋರ್ಟಿಗೆ ಬಂದಿದ್ದ ಹುಡುಗಿ ನೆನಪಾದಳು.

ಏಳು ವರ್ಷದ, ಮುಂದಿನ ಎರಡು ಹಲ್ಲು ಬಿದ್ದ ಹುಡುಗಿ. ಅಪ್ಪ ಅಮ್ಮನ ನಡುವಿನ ಎಳೆದಾಟ. ಈಕೆ ಎಂದಿನಂತೆ ಗೌನು ತೆಗೆದಿಟ್ಟು, ಒಳಕೋಣೆಯಲ್ಲಿ ಎತ್ತರದ ಕುರ್ಚಿ ಬಿಟ್ಟು, ಹುಡುಗಿಯ ಪಕ್ಕದಲ್ಲೇ ಕೂತಿದ್ದಳು. ಯಾರು ಬೇಕು ಎಂದು ನೇರ ಕೇಳುವುದನ್ನು ಬಿಟ್ಟು ಎಷ್ಟೋ ವರ್ಷವಾಗಿತ್ತು. ಜ್ವರ ಬಂದಾಗ ಯಾರು ಎದ್ದಿರ್ತಾರೆ, ಉಗುರು ಯಾರು ಕತ್ತರಿಸ್ತಾರೆ ಎಂದೆಲ್ಲ ಸುತ್ತಿ ಬಳಸಿ, ಕೊನೆಗೆ ಕೇಳಲೇಬೇಕಾದ್ದನ್ನು ಕೇಳಿದಳು.

“ಇಲ್ಲಿ ಹೀಗೀಗೆ ಹೇಳು ಅಂತ ಯಾರಾದ್ರೂ ಹೇಳಿಕೊಟ್ಟಿದ್ದಾರಾ?”

“ಎಲ್ರೂ,” ಎಂದಳು ಹುಡುಗಿ ಬೀಗುತ್ತ. “ಅಪ್ಪ, ಅಜ್ಜಿ, ಅಮ್ಮ, ಅಮ್ಮನ ಅಕ್ಕ. ಚಿಕ್ಕಪ್ಪ ಒಬ್ರೇ ಏನೂ ಹೇಳಿಕೊಡ್ಲಿಲ್ಲ.”

“ಚಿಕ್ಕಪ್ಪ ಒಳ್ಳೆಯವರು ಅನ್ನು.”

ಹುಡುಗಿ ಈಕೆಯನ್ನು ದಡ್ಡಿಯನ್ನು ನೋಡುವಂತೆ ನೋಡಿದಳು. “ಇಲ್ಲ. ಅವ್ರಿಗೆ ನಾನಂದ್ರೆ ಆಗಲ್ಲ.”

ಈಕೆಯ ಕೈಯಲ್ಲಿದ್ದ ಪೆನ್ನು ಅಲ್ಲಿಗೆ ನಿಂತಿತ್ತು. ಹೇಳಿಕೆ ಟೈಪು ಮಾಡಲು ಬಾಗಿಲಾಚೆ ಬೆರಳಚ್ಚು ಯಂತ್ರದ ಮುಂದೆ ಕಾಯುತ್ತಿದ್ದವಳು ಕೆಮ್ಮಿದರೂ ಈಕೆ ಮುಂದಿನ ಸಾಲು ಹೇಳಿರಲಿಲ್ಲ.

ಶನಿವಾರ ಸಂಜೆಯೂ ಹೀಗೇ ಸರಿಯಿತು. ಅಡ್ಡಗೋಡೆಯ ಮೇಲೆ ದೀಪವಿಟ್ಟಂಥ ಮಾತುಗಳು. ‘ಅಲ್ಲಿ ಚಳಿ ಜಾಸ್ತಿ ಅಂತಾರೆ.’ ‘ಇಲ್ಲಿನ ನೀರು ನಿನಗೆ ಒಗ್ಗುತ್ತೆ ಅಲ್ವಾ?’ ಮಗಳು ಒಂದೊಂದಕ್ಕೂ ‘ಹೂಂ’ ಅನ್ನುವಳು, ತಾಯಿಯ ಮುಖ ನೋಡುವಳು, ಮುಂದಿನ ಮಾತಿಗೆ ಕಾಯುವಳು. ಮುಂದಿನ ಮಾತು ಬಾರದೆ ಮಲಗಲು ಎದ್ದಳು.

ಭಾನುವಾರ ಮಧ್ಯಾಹ್ನ ತಾಯಿ ಮಗಳೊಂದಿಗೆ ಬಸ್‌ಸ್ಟ್ಯಾಂಡಿಗೆ ನಡೆದೇ ಹೊರಟಳು. ನ್ಯಾಯಾಧೀಶೆ ಬ್ಯಾಗು ಹಿಡಿದುಕೊಂಡು ಬೀದಿಯಲ್ಲಿ ನಡೆಯುವುದನ್ನು ಆ ಊರು ಕಂಡಿರಲಿಲ್ಲ. ಅಂಗಡಿಯವರು ಎದ್ದು ನಿಂತರು. ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನಲ್ಲಿ ಕೂತಿದ್ದ ಇಬ್ಬರು ಗಂಡಸರು, ಒಂದೇ ಹೊಲದ ಬದುವಿಗಾಗಿ ಪರಸ್ಪರ ಕೇಸು ಹಾಕಿಕೊಂಡವರು, ಒಟ್ಟಿಗೇ ಎದ್ದು ಜಾಗ ಬಿಟ್ಟುಕೊಟ್ಟರು.

“ನೋಡು, ನಿನ್ನಿಂದ ರಾಜಿ ಆಯ್ತು,” ಎಂದು ಮಗಳು ಪಿಸುಗುಟ್ಟಿದಳು.

ಬೆಂಚಿನ ಮೇಲೆ ಇಬ್ಬರೇ ಕೂತರು. ಬಸ್ಸು ಇನ್ನೂ ಬಂದಿರಲಿಲ್ಲ. ತಾಯಿ ಬ್ಯಾಗಿನ ಪಟ್ಟಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಇದ್ದಳು.

“ನಿನಗೆ ಅಲ್ಲಿಗೆ ಹೋಗೋಕೆ ನಿಜವಾಗ್ಲೂ ಇಷ್ಟ ಇದೆಯಾ?”

“ಕರೆದವರ ಮನೆಗೆ ತಾನೇ ಹೋಗೋದು?” ಮಗಳು ದಾರಿಯ ಕಡೆ ನೋಡುತ್ತಿದ್ದಳು. ಆಮೇಲೆ, ತುಂಬ ಹಗುರವಾಗಿ, ಹವಾಮಾನದ ಮಾತಿನಂತೆ ಅಂದಳು: “ಅವತ್ತು ನೀನು ಜಡೆ ಹಾಕಿದ್ದು ಜ್ಞಾಪಕ ಇದೆಯಾ? ಕೋರ್ಟಿಗೆ ಹೋದ ದಿನ. ಎಷ್ಟು ಕಾದೆ ಗೊತ್ತಾ. ಒಂದು ಜಡೆ ಆಯ್ತು, ಈಗ ಹೇಳ್ತೀಯ ಅಂದ್ಕೊಂಡೆ. ಎರಡನೇದೂ ಆಯ್ತು.”

“ಏನಂತ?”

“ಏನಾದ್ರೂ. ಅಪ್ಪ ಹಿಂದಿನ ದಿನ ಅಳ್ತಾ ಕೂತಿದ್ದ, ‘ನೀನು ಹೋದ್ರೆ ಅಂಗಡೀಲಿ ನನ್ನ ಜೊತೆ ಯಾರಿರ್ತಾರೆ’ ಅಂತ. ನೀನು ಅಳ್ಲಿಲ್ಲ. ಹಾಗಾದ್ರೆ ಅಮ್ಮಂಗೆ ನಾನು ಇದ್ರೂ ಆಗುತ್ತೆ, ಇಲ್ದಿದ್ರೂ ಆಗುತ್ತೆ ಅಂದ್ಕೊಂಡೆ. ಒಂಬತ್ತು ವರ್ಷದ ತಲೆ, ಇನ್ನೇನು ಲೆಕ್ಕ ಹಾಕುತ್ತೆ?”

ತಾಯಿ ಪಟ್ಟಿಯನ್ನು ಬೆರಳಿಗೆ ಇನ್ನೂ ಬಿಗಿಯಾಗಿ ಸುತ್ತಿದಳು. “ಹೇಳಿಕೊಡಬಾರದು ಅಂತ... ನಿನ್ನ ಮಾತು ನಿನ್ನದೇ ಆಗಿರ್ಲಿ ಅಂತ... ನಾನು ಆ ಕುರ್ಚಿ ಮೇಲೆ ಕೂರೋಳು, ನಾನೇ...”

“ಗೊತ್ತು. ದೊಡ್ಡವಳಾದ ಮೇಲೆ ಗೊತ್ತಾಯ್ತು.” ಮಗಳು ತಾಯಿಯ ಬೆರಳಿಗೆ ಸುತ್ತಿದ್ದ ಪಟ್ಟಿಯನ್ನು ಮೆಲ್ಲಗೆ ಬಿಡಿಸಿದಳು. “ಕೋಪ ಏನಿಲ್ಲಮ್ಮ. ಆದ್ರೆ ಕಾಯೋ ಅಭ್ಯಾಸ ಆವಾಗ್ಲೇ ಹೋಯ್ತು ಅಂದ್ಕೊಂಡಿದ್ದೆ. ಈ ಎರಡು ದಿನ ಮತ್ತೆ ಕಾದೆ ನೋಡು. ಪೆದ್ದಿ ನಾನು.”

ಬಸ್ಸು ಬಂತು. ಧೂಳು, ಹಾರನ್ನು, ‘ಇಳಿಯೋರಿಗೆ ಜಾಗ ಬಿಡ್ರಪ್ಪಾ’ ಎನ್ನುವ ಕಂಡಕ್ಟರನ ಕೂಗು. ಮಗಳು ಎದ್ದು, ಬ್ಯಾಗು ತೆಗೆದುಕೊಂಡು, ತಾಯಿಯ ಭುಜವನ್ನೊಮ್ಮೆ ಒತ್ತಿ ಜನರ ನಡುವೆ ಸೇರಿಕೊಂಡಳು.

ತಾಯಿ ಬೆಂಚಿನ ಮೇಲೇ ಇದ್ದಳು. ಸುತ್ತ ನಿಂತಿದ್ದವರ ಮುಖಗಳೆಲ್ಲ ಆಕೆಗೆ ಗುರುತು. ಬದುವಿನ ಜಗಳದವರು, ಟಿಕೆಟ್ ಕಿಟಕಿಯ ಹತ್ತಿರ ಚೌಕದ ಕನ್ನಡಕದಂಗಡಿಯವನು, ಹೋದ ವಾರ ತಾನೇ ದಂಡ ಹಾಕಿದ್ದ ಆಟೋದವನು. ಇವರೆದುರು ಆಕೆ ಇಷ್ಟು ವರ್ಷ ದನಿ ಎತ್ತರಿಸಿದ್ದಿಲ್ಲ, ಇಳಿಸಿದ್ದಿಲ್ಲ. ಮಗಳು ಒಂದು ಕಾಲು ಮೆಟ್ಟಿಲ ಮೇಲಿಟ್ಟು ಕಂಬಿ ಹಿಡಿದಳು.

ತಾಯಿ ಎದ್ದು ಓಡಿದಳು. ಚಪ್ಪಲಿ ಒಂದು ಹಿಂದೆಯೇ ಉಳಿಯಿತು. ಜನ ತಾವಾಗಿ ಸರಿದು ದಾರಿ ಬಿಟ್ಟರು.

“ಹೋಗ್ಬೇಡ ಕಣೇ,” ಎಂದಳು. ದನಿ ಒಡೆದು, ಇಡೀ ಬಸ್‌ಸ್ಟ್ಯಾಂಡಿಗೆ ಕೇಳುವಷ್ಟು ಜೋರಾಗಿ ಬಂತು. “ನನಗೆ ನೀನು ಬೇಕು. ಅವತ್ತೂ ಬೇಕಾಗಿತ್ತು.”

ಕಂಡಕ್ಟರ್ ಸೀಟಿಯನ್ನು ತುಟಿಗೆ ಒಯ್ದವನು ಹಾಗೇ ನಿಂತ. ಕಿಟಕಿಗಳಲ್ಲಿ ತಲೆಗಳು ಮೂಡಿದವು. ಕಂಬಿ ಹಿಡಿದಿದ್ದ ಮಗಳ ಗೆಣ್ಣುಗಳು ಬೆಳ್ಳಗಾಗಿದ್ದವು. ಅವಳು ತಿರುಗಿರಲಿಲ್ಲ, ಮೇಲೆ ಹತ್ತಿಯೂ ಇರಲಿಲ್ಲ. ಎಂಜಿನ್ನು ಗುರುಗುಡುತ್ತಿತ್ತು.

“ನನ್ನ ಹತ್ರ ಇರು, ಮಗಳೇ.”